ಕೇಸ್ ಶೀಟ್‌ನಲ್ಲಿ ಇಲ್ಲದ ಹದಿನೈದು ವರ್ಷ

ಇದು ಮಾಗಡಿ ರಸ್ತೆ ಕಡೆಯ ಕಾಮಾಕ್ಷಿಪಾಳ್ಯದಲ್ಲಿ ಮಗ ಸೊಸೆಯ ಜೊತೆ ಇರುವ ಒಬ್ಬ ಅಜ್ಜಿಯ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ನಾನು ವಯಸ್ಸಾದವರನ್ನು ನೋಡುವ ವೈದ್ಯೆ. ಇಂಥ ಫೈಲುಗಳು ನನಗೆ ಹೊಸದಲ್ಲ. ಆದರೆ ಬಾಲ್ಯದ ಬಗ್ಗೆ ಕೇಳಿದ ನಾಲ್ಕು ಪ್ರಶ್ನೆ ಇಡೀ ಚಿಕಿತ್ಸೆಯನ್ನೇ ಬದಲಿಸಿದ್ದು ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಮಗ ತಂದ ಫೈಲು ದಪ್ಪಗಿತ್ತು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್ಟಿಲು ಹತ್ತಿದರೆ ಉಬ್ಬಸ, ಅದಕ್ಕೆ ಆಗಾಗ ಸಿರಪ್. ಬೆನ್ನು ನೋವು, ಅದಕ್ಕೆ ನೋವಿನ ಮಾತ್ರೆ. ಕೊನೆಯ ಹಾಳೆಯಲ್ಲಿ ಹೊಸದೊಂದು ಸಾಲು ಸೇರಿತ್ತು. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 17 ಅಂಕ, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಮಗನಿಗೆ ನಿದ್ದೆ ಇರಲಿಲ್ಲ. "ಮೇಡಂ, ಅಮ್ಮಂಗೆ ಇನ್ನೆಷ್ಟು ದಿನ ನಮ್ಮ ಗುರುತು ಸಿಗುತ್ತೆ, ಅದೊಂದು ಹೇಳಿಬಿಡಿ" ಅಂದರು. ಸೊಸೆಯ ಚಿಂತೆ ಬೇರೆ. ಒಂದೆರಡು ಸಲ ಗ್ಯಾಸ್ ಹಚ್ಚಿಟ್ಟು ಮರೆತಿದ್ದಾರೆ, ಬೆಳಿಗ್ಗೆ ಹೊತ್ತು ಒಮ್ಮೊಮ್ಮೆ ಮಂಕು ಕವಿದ ಹಾಗೆ ಕೂರುತ್ತಾರೆ, ತಾನು ಕೆಲಸಕ್ಕೆ ಹೋದಾಗ ಏನಾದರೂ ಆದರೆ?

ಫೈಲಿನಲ್ಲಿ 62ನೇ ವಯಸ್ಸಿನಿಂದ ಈಚೆಗೆ ಎಲ್ಲ ಇತ್ತು. ಮೊದಲ ಹದಿನೈದು ವರ್ಷದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅದನ್ನು ಕೇಳದೆ ಆ 17ನ್ನು ನಂಬಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಬಾಲ್ಯವನ್ನು ಕೇಳಿದ್ದು

ಮೊದಲು ವಯಸ್ಸು. ಆಧಾರ್‌ನಲ್ಲಿ 1951ರ ಜನವರಿ 1 ಅಂತಿತ್ತು. ಆ ತಲೆಮಾರಿನ ಎಷ್ಟೋ ಜನ ಜನವರಿ 1ಕ್ಕೇ ಹುಟ್ಟಿದ್ದಾರೆ, ಅಲ್ವಾ? ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆ ಹಾಗೆ ಬರೆದುಬಿಡುತ್ತಾರೆ. ಅದಕ್ಕೇ ನಾನು ತಾರೀಖು ಕೇಳುವುದಿಲ್ಲ, ಊರಿಗೆಲ್ಲ ಗೊತ್ತಿರುವ ಸಂಗತಿ ಕೇಳುತ್ತೇನೆ. "ನೆಹರೂ ಸತ್ತಾಗ ನೀವು ಎಷ್ಟು ದೊಡ್ಡವರಿದ್ರಿ ಅಮ್ಮ?" ಅಂದೆ. "ಅದೇ ವರ್ಷ ನಾನು ಮೈನೆರೆದೆ ಕಣಮ್ಮ" ಅಂದರು. ಅಂದರೆ 1964. ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿಯರು ಮೈನೆರೆಯುವುದು ತಡ. ಹಾಗಾಗಿ ಇವರು ಆಧಾರ್ ಹೇಳುವುದಕ್ಕಿಂತ ಒಂದೆರಡು ವರ್ಷ ದೊಡ್ಡವರೇ ಇರಬಹುದು.

ಊರು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ತೂಕ ಯಾರೂ ನೋಡಲಿಲ್ಲ. ಅವರ ತಾಯಿ ಎಂಟು ಹೆತ್ತರು, ಉಳಿದದ್ದು ಐದು. ಎರಡನೇ ಕ್ಲಾಸಿಗೆ ಹೋಗುತ್ತಿದ್ದಾಗ ತಮ್ಮ ಹುಟ್ಟಿದ. ಅವನನ್ನು ಸೊಂಟದಲ್ಲಿ ಎತ್ತಿಕೊಂಡು ಓಡಾಡುವ ಕೆಲಸ ಇವರಿಗೆ ಬಂತು, ಇಸ್ಕೂಲು ನಿಂತಿತು. ಆ ತಮ್ಮ ಮುಂದೆ ಎಸ್ಸೆಸ್ಸೆಲ್ಸಿ ಮುಗಿಸಿದರು.

ಊಟದ ವಿಷಯಕ್ಕೆ ಬಂದಾಗ ಅಜ್ಜಿ ಸ್ವಲ್ಪ ಹೊತ್ತು ತಪ್ಪಿಸಿಕೊಂಡರು. "ಅದೆಲ್ಲ ಈಗ ಯಾಕಮ್ಮ?" ನಾನು ಹಟ ಮಾಡಲಿಲ್ಲ, ವರ್ಷದ ಯಾವ ತಿಂಗಳಲ್ಲಿ ಏನು ಊಟ ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ರಾಗಿ ಕೊಯ್ಲಾಗಿ ಕಣಕ್ಕೆ ಬಂದರೆ ಮುದ್ದೆ. ಅವರೆ ಕಾಲ ಮುಗಿಯುವ ತನಕ ಹೊಟ್ಟೆ ತುಂಬ ಊಟ. ಆಷಾಢದಿಂದ ದೀಪಾವಳಿವರೆಗೂ ಕಷ್ಟ. ಅಂಬಲಿ, ಬೇಲಿ ಸಾಲಿನ ಸೊಪ್ಪು. ಅಪ್ಪ, ಅಣ್ಣ, ತಮ್ಮ ಉಂಡ ಮೇಲೆ ಹೆಣ್ಣುಮಕ್ಕಳು, ಎಲ್ಲರದೂ ಆದ ಮೇಲೆ ಅಮ್ಮ. 1965–66ರ ಬರಗಾಲದಲ್ಲಿ ಇವರಿಗೆ ಹದಿನೈದರ ಆಸುಪಾಸು. ಮುಂದಿನ ವರ್ಷವೇ ಮದುವೆ.

ಹೊಗೆಯನ್ನು ಬೇರೆಯಾಗಿ ಕೇಳಬೇಕು. ಬೀಡಿ ಸೇದುತ್ತೀರಾ ಅಂತ ಫೈಲಿನಲ್ಲಿ ಕೇಳಿದ್ದರು, ಇಲ್ಲ ಅಂತ ಬರೆದಿದ್ದರು. ಅಡುಗೆಮನೆಗೆ ಕಿಟಕಿ ಇತ್ತಾ ಅಂತ ಯಾರೂ ಕೇಳಿರಲಿಲ್ಲ. ಇರಲಿಲ್ಲ. ಸೌದೆ, ಬೆರಣಿ, ಒದ್ದೆಯಾದರೆ ಊದಿ ಊದಿ ಕಣ್ಣು ಕೆಂಪು. ಮದುವೆಯಾಗಿ ಬೆಂಗಳೂರಿನ ವಠಾರಕ್ಕೆ ಬಂದ ಮೇಲೆ ಮರದ ಹೊಟ್ಟಿನ ಒಲೆ, ಆಮೇಲೆ ಸೀಮೆಎಣ್ಣೆ ಸ್ಟೌವ್. ಗಂಡ ಕೆಲಸ ಮಾಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಮನೆಯಲ್ಲೇ ಕೂತು ಊದುಬತ್ತಿ ಹೊಸೆದರು. ಇದ್ದಿಲ ಪುಡಿಯ ಧೂಳಿನ ನಡುವೆ ವರ್ಷಗಟ್ಟಲೆ.

ಕೊನೆಗೆ, ಮಾತಿನ ನಡುವೆ, ಅವರು ಬಲಗಡೆ ತಲೆ ತಿರುಗಿಸಿ ಎಡಗಿವಿಯನ್ನು ನನ್ನ ಕಡೆ ತರುತ್ತಿದ್ದುದನ್ನು ಗಮನಿಸಿದೆ. "ಚಿಕ್ಕವರಿದ್ದಾಗ ಕಿವಿ ಸೋರ್ತಿತ್ತಾ?" ಅಂತ ಕೇಳಿದೆ. "ಅಯ್ಯೋ, ಮಳೆಗಾಲ ಪೂರ್ತಿ. ಎಣ್ಣೆ ಬೆಚ್ಚಗೆ ಮಾಡಿ ಬಿಡೋರು. ವಾಸನೆ ಅಂತ ಯಾರೂ ಪಕ್ಕದಲ್ಲಿ ಮಲಗಿಸ್ಕೋತಿರಲಿಲ್ಲ."

ಫೈಲಿನಲ್ಲಿ ಕಿವಿ ಅನ್ನುವ ಮಾತೇ ಇರಲಿಲ್ಲ.

17 ಅಂಕದ ಒಳಗೆ ಏನಿತ್ತು

ಬಲಗಿವಿಯ ತಮಟೆಯಲ್ಲಿ ತೂತಿತ್ತು, ಹಳೆಯದು. ಎಡಗಿವಿಯಲ್ಲಿ ವಯಸ್ಸಿನ ಮಂದ. ಹಿಂದಿನ ಪರೀಕ್ಷೆ ಹೇಗೆ ನಡೆಯಿತು ಅಂತ ಸೊಸೆಯನ್ನು ಕೇಳಿದೆ. ಜನ ತುಂಬಿದ ಓಪಿಡಿ. ಪ್ರಶ್ನೆ ಕೇಳಿದವರು ಮಾಸ್ಕ್ ಹಾಕಿಕೊಂಡಿದ್ದರು. ಇವರು ಇಷ್ಟು ವರ್ಷ ತುಟಿ ನೋಡಿಕೊಂಡೇ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದವರು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರೆ, ಕೇಳಿಸದೇ ಇರುವ ಪದವನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಉಳಿದ ಅಂಕಗಳನ್ನೂ ಒಂದೊಂದಾಗಿ ನೋಡಿದೆ. ಒಂದು ವಾಕ್ಯ ಬರೆಯಿರಿ: ಇಲ್ಲ. ಬರೆದದ್ದನ್ನು ಓದಿ ಅದರಂತೆ ಮಾಡಿ: ಇಲ್ಲ. ಒಂದರ ಮೇಲೊಂದು ಬಂದಿರುವ ಎರಡು ಐದು ಮೂಲೆಯ ಚಿತ್ರ ನೋಡಿ ಬರೆಯಿರಿ: ಪೆನ್ಸಿಲ್ ಹಿಡಿದು ಅರುವತ್ತು ವರ್ಷದ ಮೇಲಾಗಿದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಇದಕ್ಕೆ ಐದು ಅಂಕ: ಇಲ್ಲ. ಇವತ್ತು ತಾರೀಖು ಎಷ್ಟು: ಗೊತ್ತಿಲ್ಲ.

ಅದೇ ದಿನ ನಾನು ಬೇರೆ ಥರ ಕೇಳಿದೆ. ಮಾಸ್ಕ್ ಇಲ್ಲದೆ, ಎದುರು ಕೂತು, ಫ್ಯಾನ್ ನಿಲ್ಲಿಸಿ. ಈಗ ಯಾವ ಮಾಸ? "ಕಾರ್ತಿಕ. ಅಮಾವಾಸ್ಯೆಗೆ ಇನ್ನು ಒಂದು ವಾರ ಇದೆ. ಬರೋ ಸೋಮವಾರ ಕಡೇ ಸೋಮವಾರ, ಬಸವನಗುಡೀಲಿ ಕಡಲೆಕಾಯಿ ಪರಿಷೆ." ಎಲ್ಲವೂ ಸರಿ. ಬೀದಿಯ ಹೆಂಗಸರ ಚೀಟಿ ಲೆಕ್ಕ ಇವರ ಬಾಯಲ್ಲೇ ಇದೆ ಅಂತ ಸೊಸೆ ಹೇಳಿದರು. ಯಾರು ಎತ್ತಿದ್ದಾರೆ, ಯಾರದು ಬಾಕಿ, ಎಷ್ಟು ಕಂತು. ನೂರರಿಂದ ಏಳು ಕಳೆಯಲಾಗದ ಮನಸ್ಸು ಇಪ್ಪತ್ತು ಜನರ ಚೀಟಿ ನಡೆಸುತ್ತಿತ್ತು.

ಓದು ಬರಹ ಬಾರದ ಹಿರಿಯರನ್ನು ಅಕ್ಷರ ಗೊತ್ತಿರುವವರ ಪರೀಕ್ಷೆಯಲ್ಲಿ ಅಳೆಯಬಾರದು ಅನ್ನುವುದು ನಮ್ಮ ದೇಶದಲ್ಲಿ ಹಳೆಯ ಅರಿವು. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಅದಕ್ಕಾಗಿ ಹಿಂದಿಯಲ್ಲಿ ಬೇರೆ ಪರೀಕ್ಷೆ ರೂಪಿಸಿದರು. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿ, ನನ್ನ ಮುಖ ನೋಡಿ ನಾನು ಮಾಡಿದ ಹಾಗೆ ಮಾಡಿ, ಇಂಥ ಪ್ರಶ್ನೆಗಳು. ಅದೇ ಧಾಟಿಯಲ್ಲಿ ಕನ್ನಡದಲ್ಲಿ ಕೇಳಿದಾಗ ಚಿತ್ರ ಬೇರೆಯೇ ಬಂತು. ಪೂರ್ತಿ ಚೆನ್ನಾಗಿದೆ ಅಂತಲ್ಲ. ಹತ್ತು ನಿಮಿಷ ಬಿಟ್ಟು ಹಳೆಯ ಪದಗಳನ್ನು ಕೇಳಿದರೆ ತಡವರಿಸುತ್ತಿದ್ದರು. ಏನೋ ಒಂದು ಕುಂದು ಇತ್ತು. ಆದರೆ ಅದು ಆ ಹಾಳೆ ಹೇಳಿದ ಮಟ್ಟದ್ದಲ್ಲ.

ಇಲ್ಲಿ ಸ್ಕಾಟ್ಲೆಂಡಿನ ಒಂದು ಅಧ್ಯಯನವನ್ನು ಹೇಳಲೇಬೇಕು. 1932ರ ಜೂನ್ 1ರಂದು ಆ ದೇಶದ ಹನ್ನೊಂದು ವರ್ಷದ ಮಕ್ಕಳಿಗೆಲ್ಲ ಒಂದೇ ಬುದ್ಧಿ ಪರೀಕ್ಷೆ ಕೊಟ್ಟರು. 87 ಸಾವಿರ ಚಿಲ್ಲರೆ ಮಕ್ಕಳು ಬರೆದರು. 1947ರಲ್ಲಿ ಮತ್ತೊಮ್ಮೆ, 70 ಸಾವಿರಕ್ಕೂ ಜಾಸ್ತಿ. ಆ ಅಂಕಗಳ ದಾಖಲೆ ದಶಕಗಟ್ಟಲೆ ಸುಮ್ನೆ ಬಿದ್ದಿತ್ತು. ಇಯಾನ್ ಡಿಯರಿ ಮತ್ತು ಅವರ ತಂಡ ಅದನ್ನು ಹೊರತೆಗೆದು, ಅದೇ ಜನರನ್ನು ಮುಪ್ಪಿನಲ್ಲಿ ಹುಡುಕಿ, ಅದೇ ಪರೀಕ್ಷೆ ಮತ್ತೆ ಕೊಟ್ಟಿತು. ಹನ್ನೊಂದರ ಅಂಕಕ್ಕೂ ಎಂಬತ್ತರ ಹತ್ತಿರದ ಅಂಕಕ್ಕೂ ಬಲವಾದ ನಂಟು ಕಂಡಿತು. ಮುಪ್ಪಿನಲ್ಲಿ ಕಾಣುವ ವ್ಯತ್ಯಾಸದ ದೊಡ್ಡ ಪಾಲು ಮುಪ್ಪಿಗೆ ಮೊದಲೇ ಇತ್ತು.

ನಮ್ಮ ಅಜ್ಜಿಗೆ ಇದರಿಂದ ಏನು ಗೊತ್ತಾಗುತ್ತದೆ? ಒಬ್ಬರು ಎಷ್ಟು ಕಳೆದುಕೊಂಡಿದ್ದಾರೆ ಅಂತ ಹೇಳಬೇಕಾದರೆ ಮೊದಲು ಎಷ್ಟಿತ್ತು ಅಂತ ತಿಳಿದಿರಬೇಕು. ಸ್ಕಾಟ್ಲೆಂಡಿನವರ ಹತ್ತಿರ 1947ರ ಹಾಳೆ ಇದೆ. ಎರಡನೇ ಕ್ಲಾಸಿಗೇ ಇಸ್ಕೂಲು ಬಿಟ್ಟ ಹುಡುಗಿಯ ಹತ್ತಿರ ಯಾವ ಹಾಳೆಯೂ ಇಲ್ಲ. ಅದಕ್ಕೇ ತಮ್ಮನಿಗೆ ಫೋನ್ ಮಾಡಿ ಕೇಳಿದೆ, ಅಕ್ಕ ಮೊದಲು ಹೇಗಿದ್ದರು, ಎರಡು ವರ್ಷದಿಂದ ಏನು ಬದಲಾಗಿದೆ. "ಅಕ್ಕಂಗೆ ಲೆಕ್ಕ ನನಗಿಂತ ಚೆನ್ನಾಗಿ ಬರ್ತಿತ್ತು ಮೇಡಂ" ಅಂದರು. ಈಚೆಗೆ ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ ಅಂತಲೂ ಹೇಳಿದರು. ಅದರಲ್ಲಿ ಕಿವಿಯದೆಷ್ಟು, ಮನಸ್ಸಿನದೆಷ್ಟು ಅಂತ ಬಿಡಿಸುವುದು ನಮ್ಮ ಕೆಲಸ.

ಸೋಮವಾರದ ಮಂಕು

ಮಂಕು ಕವಿಯುವುದು ಯಾವಾಗ ಅಂತ ಸೊಸೆಗೆ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದೆ. ಗ್ಯಾಸ್ ಮರೆತ ದಿನಗಳನ್ನೂ ಕ್ಯಾಲೆಂಡರಿನಲ್ಲಿ ನೋಡಿದೆವು. ಹೆಚ್ಚಿನವು ಸೋಮವಾರ. ಅಜ್ಜಿ ಸೋಮವಾರ ಒಪ್ಪೊತ್ತು ಮಾಡುತ್ತಾರೆ. ಕಾರ್ತಿಕದಲ್ಲಿ ಇನ್ನೂ ಕಟ್ಟುನಿಟ್ಟು. ಆದರೆ ಸಕ್ಕರೆ ಇಳಿಸುವ ಬೆಳಿಗ್ಗೆಯ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ತಪ್ಪದೆ ನುಂಗುತ್ತಾರೆ, ಡಾಕ್ಟರು ಹೇಳಿದ್ದಾರಲ್ಲ ಅಂತ. ಹೊಟ್ಟೆಗೆ ಏನೂ ಇಲ್ಲದೆ ಆ ಮಾತ್ರೆ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡಿದಾಗ ಒಂದು ಸೋಮವಾರ 58 ಬಂತು. ಮೆದುಳಿಗೆ ಸಕ್ಕರೆ ಸಾಲದೆ ಬಂದ ಮಂಕು ಅದು.

"ಹಸಿವಾಗಲ್ವಾ ಅಮ್ಮ?" ಅಂತ ಕೇಳಿದೆ. "ಹಸಿವು ನನಗೆ ಲೆಕ್ಕಕ್ಕೇ ಬರಲ್ಲ ಕಣಮ್ಮ. ಅಭ್ಯಾಸ" ಅಂದರು. ಸಕ್ಕರೆ ಇಳಿದಾಗಿನ ನಡುಕ, ಸಂಕಟ ಹಸಿವಿನ ಹಾಗೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಬಾರದು ಅಂತ ಐದು ವರ್ಷಕ್ಕೇ ಕಲಿತವರು ಎಪ್ಪತ್ತರಲ್ಲೂ ಹೇಳುವುದಿಲ್ಲ. ಬಾಲ್ಯ ಮುಪ್ಪನ್ನು ಮುಟ್ಟುವ ದಾರಿ ಅಂದರೆ ಬರೀ ಜೀವಕೋಶ, ಹಾರ್ಮೋನು ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಒಂದು ಅಭ್ಯಾಸದ ಮೂಲಕ ಬಂದಿತ್ತು. ನನ್ನನ್ನು ಬಹಳ ಕಾಡಿದ ಸಂಗತಿ ಇದು.

ರಕ್ತ ಪರೀಕ್ಷೆಯಲ್ಲಿ ಬಿ12 ಕೂಡ ಕಡಿಮೆ ಇತ್ತು. ಹನ್ನೊಂದು ವರ್ಷದಿಂದ ನುಂಗುತ್ತಿದ್ದ ಸಕ್ಕರೆಯ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಅದಕ್ಕೆ ಒಂದು ಕಾರಣ, ಕೊನೆಯಲ್ಲಿ ಉಳಿದದ್ದನ್ನು ಉಣ್ಣುವುದು ಇನ್ನೊಂದು. ಮೊಸರು, ಹಾಲು ಮೊಮ್ಮಗನ ತಟ್ಟೆಗೆ ಹೋಗುತ್ತಿತ್ತು.

ತೆಳ್ಳಗಿದ್ದರೂ ಸಕ್ಕರೆ ಯಾಕೆ

ಸೊಸೆಗೆ ಒಂದು ಅಪವಾದ ಅಂಟಿಕೊಂಡಿತ್ತು. ಇವಳ ಕೈ ಅಡುಗೆ ತಿಂದೇ ಅತ್ತೆಗೆ ಸಕ್ಕರೆ ಬಂತು ಅಂತ ನೆಂಟರ ಮಾತು. ಅಜ್ಜಿಯ ಎತ್ತರ 143 ಸೆಂಟಿಮೀಟರ್, ತೂಕ 46 ಕಿಲೋ. ಕಾಗದದ ಲೆಕ್ಕದಲ್ಲಿ ದಪ್ಪ ಅಲ್ಲವೇ ಅಲ್ಲ. ಸೊಂಟದ ಸುತ್ತಳತೆ ಮಾತ್ರ 88 ಸೆಂಟಿಮೀಟರ್. ನಮ್ಮ ಹೆಂಗಸರಿಗೆ 80 ದಾಟಬಾರದು.

ಹೊಟ್ಟೆಯಲ್ಲಿದ್ದಾಗ ಊಟ ಸಾಲದ ಮಗು ಇರುವುದರಲ್ಲಿ ಮೆದುಳನ್ನು ಉಳಿಸಿಕೊಳ್ಳುತ್ತದೆ. ಸ್ನಾಯು, ಮೇದೋಜೀರಕ ಗ್ರಂಥಿ, ಮೂತ್ರಪಿಂಡಗಳಿಗೆ ಬರುವ ಪಾಲು ಕಡಿಮೆಯಾಗುತ್ತದೆ. ಸಕ್ಕರೆಯನ್ನು ಬಳಸುವ ಸ್ನಾಯು ಕಮ್ಮಿ, ಕೊಬ್ಬು ಮಾತ್ರ ಉಳಿದಿರುತ್ತದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ನಮ್ಮ ಶಿಶುಗಳಲ್ಲಿ ತೋರಿಸಿದ್ದು ಇದನ್ನೇ. ನೋಡಲು ಸಣ್ಣ, ಒಳಗೆ ಕೊಬ್ಬು.

ಈ ಇಡೀ ವಿಚಾರಕ್ಕೆ ಬಲ ಬಂದದ್ದು ಹಳೆಯ ಲೆಡ್ಜರುಗಳಿಂದ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಸೂಲಗಿತ್ತಿಯರು ಹುಟ್ಟುತೂಕವನ್ನು, ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರು ಒಂದು ವರ್ಷದ ತೂಕವನ್ನು ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್ ತಂಡ ಅದನ್ನಿಟ್ಟುಕೊಂಡು 5,654 ಗಂಡಸರ ಲೆಕ್ಕ ತೆಗೆದು, ಸಣ್ಣ ಶಿಶುಗಳಾಗಿದ್ದವರು ಮುಂದೆ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದಾರೆ ಅಂತ 1989ರಲ್ಲಿ ತೋರಿಸಿತು. ನಮಗೆ ಹತ್ತಿರದ್ದು ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಅಳತೆ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ನೋಡಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ನೂರಕ್ಕೆ 11, ಮೂರು ಕಿಲೋ ದಾಟಿದವರಲ್ಲಿ ನೂರಕ್ಕೆ 3. 1996ರಲ್ಲಿ ಪ್ರಕಟವಾದ ಲೆಕ್ಕ ಇದು.

ಆದರೆ ಅದೇ ಮೈಸೂರಿನ ಜನರಲ್ಲಿ ಸಕ್ಕರೆ ಕಾಯಿಲೆ ನೋಡಿದಾಗ ಉತ್ತರ ಇಷ್ಟು ಸರಳವಾಗಿರಲಿಲ್ಲ. ಬರೀ ಹುಟ್ಟುತೂಕ ಕಡಿಮೆ ಅನ್ನುವುದಕ್ಕೆ ನಂಟು ಸಿಗಲಿಲ್ಲ. ಉದ್ದ ಕಡಿಮೆ ಇದ್ದು ಗುಂಡಗೆ ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಕಾಯಿಲೆ ಜಾಸ್ತಿ ಇತ್ತು. ದೆಹಲಿಯಲ್ಲಿ 1969ರಿಂದ 72ರ ನಡುವೆ ಹುಟ್ಟಿದವರ ಅಧ್ಯಯನ ಇನ್ನೊಂದು ಎಳೆ ಸೇರಿಸಿತು. ಎಳವೆಯಲ್ಲಿ ಸಣಕಲಾಗಿದ್ದು ಆಮೇಲೆ ಬೇಗ ಬೇಗ ತೂಕ ಏರಿಸಿಕೊಂಡವರಿಗೆ ಅಪಾಯ ಹೆಚ್ಚು.

ಹಾಗಾಗಿ ಅಜ್ಜಿಯ ಸಕ್ಕರೆಗೆ ಕೋಲಾರದ ಹಸಿವೇ ಕಾರಣ ಅಂತ ನಾನು ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಈ ಅಧ್ಯಯನಗಳೆಲ್ಲ ಗುಂಪಿನ ಲೆಕ್ಕ. ಒಬ್ಬರ ಹಣೆಬರಹ ಅದರಲ್ಲಿ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಇವರು ಹುಟ್ಟಿದ ಕಾಲದಲ್ಲಿ ನಮ್ಮ ದೇಶದ ಸರಾಸರಿ ಆಯಸ್ಸು 32 ವರ್ಷ. ಇವರ ಒಡಹುಟ್ಟಿದ ಮೂವರು ಎಳವೆಯಲ್ಲೇ ಹೋದರು. ಮುಪ್ಪಿನವರೆಗೂ ಬಂದವರನ್ನು ಮಾತ್ರ ನೋಡಿ ಲೆಕ್ಕ ಹಾಕಿದರೆ ಬಾಲ್ಯದ ಪೆಟ್ಟು ಇದ್ದದ್ದಕ್ಕಿಂತ ಸಣ್ಣದಾಗಿ ಕಾಣಬಹುದು. ನೆಂಟರಿಗೆ ನಾನು ಹೇಳಿದ್ದು ಇಷ್ಟೇ: ತೆಳ್ಳಗಿನವರಿಗೂ ಸಕ್ಕರೆ ಬರುತ್ತದೆ, ಅದಕ್ಕೆ ಎಪ್ಪತ್ತು ವರ್ಷದ ಹಿನ್ನೆಲೆ ಇರುತ್ತದೆ, ಸೊಸೆಯ ಅಡುಗೆ ಅದರಲ್ಲಿ ಲೆಕ್ಕಕ್ಕೆ ಬರುವಂಥದ್ದಲ್ಲ. ಸೊಸೆ ಅವತ್ತು ಅತ್ತರು.

ಉಬ್ಬಸ ಮತ್ತು ಬೆನ್ನಿನ ಕಥೆ ಚಿಕ್ಕದು. ಊದುವ ಪರೀಕ್ಷೆಯಲ್ಲಿ ಶ್ವಾಸನಾಳ ಶಾಶ್ವತವಾಗಿ ಬಿಗಿದಿರುವುದು ಗೊತ್ತಾಯಿತು, ಸಿಒಪಿಡಿ. ಸಿಗರೇಟು ಸೇದದವರಿಗೆ ಹೇಗೆ ಅಂತ ಮಗ ಕೇಳಿದರು. ಶ್ವಾಸಕೋಶದ ಬಲ ಇಪ್ಪತ್ತೈದರ ಒಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಆ ತುದಿಯೇ ತಗ್ಗಾಗಿದ್ದರೆ ಎಲ್ಲರ ಹಾಗೆ ಇಳಿದರೂ ಕಾಯಿಲೆಯ ಗೆರೆ ಬೇಗ ಮುಟ್ಟುತ್ತಾರೆ. ದಶಕಗಟ್ಟಲೆ ಜನರನ್ನು ಹಿಂಬಾಲಿಸಿದ ಅಧ್ಯಯನಗಳನ್ನು ಸೇರಿಸಿ 2015ರಲ್ಲಿ ನೋಡಿದಾಗ, ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧ ಜನ ಈ ದಾರಿಯಲ್ಲೇ ಬಂದಿದ್ದರು. ಇನ್ನು ಬೆನ್ನು. ಎರಡು ತೋಳು ಚಾಚಿ ಅಳೆದರೆ 148 ಸೆಂಟಿಮೀಟರ್. ಅದು ಯೌವನದ ಎತ್ತರದ ಅಂದಾಜು. ಈಗ 143. ಎಕ್ಸ್‌ರೇಯಲ್ಲಿ ಬೆನ್ನಿನ ಒಂದು ಮೂಳೆ ಕುಸಿದಿತ್ತು. ನೋವಿನ ಮಾತ್ರೆ ಬರೆದ ಯಾರೂ ಎತ್ತರ ಅಳೆದಿರಲಿಲ್ಲ.

ಏನು ಮಾಡಿದೆವು

ಗ್ಲಿಮೆಪಿರೈಡ್ ನಿಲ್ಲಿಸಿದೆವು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಇತ್ತು. ಈ ವಯಸ್ಸಿಗೆ, ಈ ಮೈಗೆ, 8ರ ಒಳಗೆ ಬಂದರೆ ಸಾಕು ಅಂತ ಗುರಿ ಇಟ್ಟುಕೊಂಡೆವು. ಬಿ12 ಚುಚ್ಚುಮದ್ದು, ಸ್ಪೇಸರ್ ಹಾಕಿ ಇನ್‌ಹೇಲರ್, ಮೂಳೆಗೆ ಔಷಧಿ, ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ. ಎಡಗಿವಿಗೆ ಶ್ರವಣ ಸಾಧನ. ಕಿವಿಯ ವಿಷಯದಲ್ಲಿ ನಾನು ಒತ್ತಾಯ ಮಾಡಿದೆ. ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗುವ 14 ಕಾರಣಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಬಾಲ್ಯದಲ್ಲಿ ಓದು ಸಿಗದಿರುವುದು, ಕಿವಿ ಮಂದವಾಗುವುದು ಎರಡೂ ಅದರಲ್ಲಿವೆ. ಮೊದಲನೆಯದಕ್ಕೆ ಎಪ್ಪತ್ತರಲ್ಲಿ ಏನೂ ಮಾಡಲಾಗದು. ಎರಡನೆಯದಕ್ಕೆ ಮಾಡಬಹುದು.

ಊಟದ ಬದಲಾವಣೆಯನ್ನು ಸೊಸೆಯೇ ತಂದರು. "ಅತ್ತೆ, ನೀವು ಕೂರೋ ತನಕ ನಾನು ಯಾರಿಗೂ ಬಡಿಸಲ್ಲ" ಅಂತ ಒಂದು ರಾತ್ರಿ ಹೇಳಿಬಿಟ್ಟರಂತೆ. ಮೊದಲ ವಾರ ಅಜ್ಜಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಗಂಡಸರಿಗಿಂತ ಮೊದಲು ಉಂಡ ನೆನಪೇ ಅವರಿಗಿಲ್ಲ. ಈಗ ಮೊಮ್ಮಗನ ಜೊತೆ ಕೂರುತ್ತಾರೆ. ಹುರುಳಿ ಸಾರು, ಅವರೆಕಾಳು, ಒಂದು ಬಟ್ಟಲು ಮೊಸರು, ವಾರಕ್ಕೆ ಎರಡು ಮೂರು ಮೊಟ್ಟೆ. ಸೋಮವಾರ ಮೊಟ್ಟೆ ಇಲ್ಲ. ಒಪ್ಪೊತ್ತು ಇದೆ, ಆದರೆ ಬೆಳಿಗ್ಗೆ ಹಾಲು ಹಣ್ಣು ತೆಗೆದುಕೊಳ್ಳುತ್ತಾರೆ.

ಆರು ತಿಂಗಳಿಗೆ ಎಚ್‌ಬಿಎ1ಸಿ 7.8. ಸೋಮವಾರದ ಮಂಕು ಮತ್ತೆ ಬಂದಿಲ್ಲ. ಕನ್ನಡದ ನೆನಪಿನ ಪರೀಕ್ಷೆಯಲ್ಲಿ ಅಂಕ ಏರಿದೆ, ಆದರೆ ಹತ್ತು ನಿಮಿಷದ ನಂತರದ ಪದಗಳು ಈಗಲೂ ಜಾರುತ್ತವೆ. ಡಿಮೆನ್ಷಿಯಾ ಅನ್ನುವ ಸಾಲನ್ನು ಫೈಲಿನಿಂದ ತೆಗೆದು, ಸೌಮ್ಯವಾದ ನೆನಪಿನ ಕುಂದು, ಪ್ರತಿ ವರ್ಷ ನೋಡಬೇಕು ಅಂತ ಬರೆದಿದ್ದೇನೆ. ಮಗನಿಗೂ ಅದನ್ನೇ ಹೇಳಿದೆ. ಮುಂದೆ ಏನೂ ಆಗುವುದಿಲ್ಲ ಅಂತ ಮಾತು ಕೊಡಲಿಲ್ಲ.

ಇವರ ಊರಿನ ಕಡೆಯೇ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಒಂದು ದೊಡ್ಡ ಕೆಲಸ ನಡೆಸುತ್ತಿದೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷ ವರ್ಷ ಪರೀಕ್ಷಿಸಿ ಮೆದುಳು ಹೇಗೆ ಮುಪ್ಪಾಗುತ್ತದೆ ಅಂತ ನೋಡುತ್ತಿದ್ದಾರೆ. ಹತ್ತು ಸಾವಿರ ಜನರ ಗುರಿ. ನನಗೆ ಅದರ ಮೇಲೆ ಬಹಳ ಭರವಸೆ ಇದೆ. ಯುರೋಪಿನ ಲೆಡ್ಜರಿನಲ್ಲಿ ರಾಗಿ ಅಂಬಲಿಯ ಬಾಲ್ಯ ಇರುವುದಿಲ್ಲ. ಆದರೆ 45ಕ್ಕೆ ಶುರುವಾಗುವ ಅಧ್ಯಯನ ಬಾಲ್ಯವನ್ನು ನೆನಪಿನಿಂದಲೇ ಕೇಳಬೇಕು, ನೆನಪು ಹಳೆಯ ಹಸಿವನ್ನು ಒಮ್ಮೆ ಹಿಗ್ಗಿಸುತ್ತದೆ, ಒಮ್ಮೆ ಮುಚ್ಚಿಡುತ್ತದೆ. ಹುಟ್ಟಿದ ದಿನದಿಂದಲೇ ಬರೆದಿಡುವ ಕೆಲಸವೂ ಇಲ್ಲೇ ಆಗಬೇಕು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳ ಬಸುರಿಯರನ್ನು, ಅವರ ಮಕ್ಕಳನ್ನು ಹಿಂಬಾಲಿಸುವ 'ಮಾಸ್ತಿ' ಅಧ್ಯಯನ ಆ ದಾರಿಯಲ್ಲಿದೆ.

ಈ ಮನೆಯಲ್ಲೂ ಒಬ್ಬಳು ಬಸುರಿ ಇದ್ದಾಳೆ. ಅಜ್ಜಿಯ ಮಗಳ ಮಗಳು, ಐದು ತಿಂಗಳು. "ಜಾಸ್ತಿ ತಿನ್ಬೇಡ ಕಣೇ, ಮಗು ದೊಡ್ಡದಾದ್ರೆ ಹೆರಿಗೆ ಕಷ್ಟ" ಅಂತ ಅಜ್ಜಿ ಹೇಳುತ್ತಿದ್ದರು. ಅವರಿಗೆ ಅವರಮ್ಮ ಹೇಳಿದ್ದು. ಹುಡುಗಿ ನನ್ನ ಮುಖ ನೋಡಿದಳು. ಅಜ್ಜಿಯ ಎದುರೇ ಹೇಳಿದೆ: ಅರೆಹೊಟ್ಟೆ ಬೇಡ, ಕಾಳು, ಸೊಪ್ಪು, ಹಾಲು, ಮೊಟ್ಟೆ ಬಿಡಬೇಡ, ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಹಾಗಂತ ಸಿಹಿಯನ್ನೂ ಎಣ್ಣೆಯನ್ನೂ ತುಂಬಿಸುವುದಲ್ಲ. ಅದೇ ಮೈಸೂರಿನ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ನೋಡಿದಾಗ, ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬು ಜಾಸ್ತಿ, ಇನ್ಸುಲಿನ್ ಕೆಲಸವೂ ಮಂದ. ಅಜ್ಜಿಗೆ ಸಕ್ಕರೆ ಇರುವುದರಿಂದ ನೀನು ಗ್ಲುಕೋಸ್ ಪರೀಕ್ಷೆ ತಪ್ಪಿಸುವ ಹಾಗೇ ಇಲ್ಲ.

ಅಜ್ಜಿ ಎಡಗಿವಿಯ ಸಾಧನ ಸರಿಮಾಡಿಕೊಂಡು ಪೂರ್ತಿ ಕೇಳಿಸಿಕೊಂಡರು. ಒಪ್ಪಿದರು ಅಂತ ಹೇಳಲಾರೆ. "ನಾನು ಐದು ಹೆತ್ತಿದ್ದೀನಿ" ಅಂದರು. ಆದರೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವ ಪರೀಕ್ಷೆಗೆ ಮೊಮ್ಮಗಳ ಜೊತೆ ತಾವೇ ಹೋಗಿ ಕೂತಿದ್ದರು. ಎರಡು ಗಂಟೆಯ ಫಲಿತಾಂಶ 128 ಬಂತು. 140 ದಾಟಿಲ್ಲ. ಏಳನೇ ತಿಂಗಳಿನಲ್ಲಿ ಇನ್ನೊಂದು ಸಲ ಮಾಡಿಸಬೇಕು.